ಊರಾಚೆಯ ಯುದ್ಧಕ್ಕೆ ಊರಲ್ಲೇ ತಯಾರಿ: ಸೇನಾ ತರಬೇತಿ ಕೇಂದ್ರಗಳು ಹೇಗೆ ಬದಲಾಗುತ್ತವೆ?

ಬಯಲುಸೀಮೆ_ಓದುಗ

ಯುದ್ಧದ ಮಾತು ಬಂದರೆ ಟ್ಯಾಂಕು, ವಿಮಾನ, ಮಿಸೈಲು ಇವೇ ಜಾಸ್ತಿ ಬರುತ್ತವೆ. ನನ್ನ ಕುತೂಹಲ ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು. ತನ್ನ ನೆಲ ಬಿಟ್ಟು ಸಾವಿರಾರು ಕಿಲೋಮೀಟರ್ ದೂರ ಹೋಗಿ ಕಾದಾಡಬೇಕಾದ ಸೈನ್ಯವನ್ನು ಮೊದಲೇ ಹೇಗೆ ತಯಾರು ಮಾಡುತ್ತಾರೆ? ಅಲ್ಲಿನ ಹವೆ ಬೇರೆ, ಜನ ಬೇರೆ, ಮಾತು ಬೇರೆ. ಶತ್ರು ಯಾರು ಅನ್ನುವುದೇ ಎಷ್ಟೋ ಸಲ ಹೋದ ಮೇಲೆ ಗೊತ್ತಾಗುತ್ತದೆ.

ನಾನು ಹೆಚ್ಚು ಓದಿರುವುದು ಅಮೆರಿಕದ ಫೋರ್ಟ್ ಅರ್ವಿನ್ ಬಗ್ಗೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿರುವ ನ್ಯಾಷನಲ್ ಟ್ರೇನಿಂಗ್ ಸೆಂಟರ್ ಅದು. ಸುಮಾರು 1,000 ಚದರ ಮೈಲಿ ಜಾಗ, ಅಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ದೊಡ್ಡದು. ವಿಯೆಟ್ನಾಂನಲ್ಲಿ ಪೆಟ್ಟು ತಿಂದ ಸೈನ್ಯ, 1973ರ ಅರಬ್-ಇಸ್ರೇಲ್ ಯುದ್ಧದಲ್ಲಿ ಮೂರೇ ವಾರದಲ್ಲಿ ಎಷ್ಟು ಟ್ಯಾಂಕು ಸುಟ್ಟುಹೋದವು ಎಂದು ನೋಡಿ ಬೆಚ್ಚಿತು. ಅದಾದ ಮೇಲೆ 1980ರಲ್ಲಿ ಈ ಕೇಂದ್ರ ಶುರುವಾಯಿತು. ಅವರ ನೌಕಾಪಡೆ 1969ರಲ್ಲೇ ಪೈಲಟ್‌ಗಳಿಗಾಗಿ ಟಾಪ್‌ಗನ್ ಶಾಲೆ ತೆರೆದಿತ್ತು. ಮೊದಲ ಕೆಲವು ಕಾದಾಟಗಳಲ್ಲಿ ಬದುಕಿ ಉಳಿದವನು ಮುಂದೆಯೂ ಉಳಿಯುವ ಸಾಧ್ಯತೆ ಜಾಸ್ತಿ, ಹಾಗಿದ್ದರೆ ಆ ಮೊದಲ ಕಾದಾಟಗಳನ್ನು ಪ್ರಾಣ ಹೋಗದ ಹಾಗೆ ಇಲ್ಲೇ ಮಾಡಿಸಿಬಿಡೋಣ ಅನ್ನುವುದು ಅದರ ಹಿಂದಿನ ಲೆಕ್ಕ. ಅದನ್ನೇ ನೆಲದ ಸೈನ್ಯಕ್ಕೂ ತಂದರು.

ಇದಕ್ಕಾಗಿ ಅಲ್ಲೇ ಕಾಯಂ ಆಗಿ ಇರುವ ಒಂದು ಶತ್ರು ಪಡೆಯನ್ನು ಕಟ್ಟಿದರು. ಹಳೆಯ ಶೆರಿಡನ್ ಟ್ಯಾಂಕುಗಳಿಗೆ ಸೋವಿಯೆತ್ ವೇಷ ಹಾಕಿಸಿ, ಸೋವಿಯೆತ್ ರೀತಿಯಲ್ಲೇ ಕಾದಾಡಲು ಕಲಿಸಿದರು. ಗುಂಡಿನ ಬದಲು ಲೇಸರ್. ತಾಗಿದರೆ ಮೈಮೇಲಿನ ಪಟ್ಟಿ ಕೂಗುತ್ತದೆ, ನೀವು ಸತ್ತ ಲೆಕ್ಕ. ಈ ಶತ್ರುಗಳಿಗೆ ಆ ನೆಲದ ಒಂದೊಂದು ಹಳ್ಳವೂ ಗೊತ್ತು. ತರಬೇತಿಗೆ ಬಂದ ಬ್ರಿಗೇಡುಗಳು, ಅಂದರೆ ಕೆಲವು ಸಾವಿರ ಸೈನಿಕರ ದಳಗಳು, ಸೋಲುತ್ತಿದ್ದದ್ದೇ ಹೆಚ್ಚು. ಸೋತ ಮೇಲೆ ಎಲ್ಲರನ್ನೂ ಕೂರಿಸಿ, ಯಾರು ಯಾವಾಗ ಎಲ್ಲಿ ತಪ್ಪಿದರು ಎಂದು ಬಿಡಿಸಿ ಮಾತಾಡಿಸುತ್ತಾರೆ. ಕರ್ನಲ್‌ಗೂ ವಿನಾಯಿತಿ ಇಲ್ಲ.

1991ರಲ್ಲಿ ಕೊಲ್ಲಿ ಯುದ್ಧದಿಂದ ಬಂದ ಎಷ್ಟೋ ಜನ ಹೇಳಿದ್ದು, ಇರಾಕಿಗಳಿಗಿಂತ ಮೊಹಾವಿಯ ನಕಲಿ ಶತ್ರುವೇ ಕಷ್ಟ ಅಂತ.

ಆದರೆ 2003ರಲ್ಲಿ ಬಾಗ್ದಾದ್ ಸೇರಿದ ಮೇಲೆ ಕಥೆ ಬದಲಾಯಿತು. ಟ್ಯಾಂಕು ಸಾಲಿನ ಶತ್ರು ಮಾಯ. ರಸ್ತೆ ಬದಿಯ ಬಾಂಬು, ಸಂತೆಯ ನಡುವಿನ ಬಂದೂಕುಧಾರಿ, ನಂಬಬೇಕೋ ಬೇಡವೋ ತಿಳಿಯದ ಊರಿನ ಮುಖಂಡ, ಇವರು ಎದುರಾದರು. ಆಗ ಫೋರ್ಟ್ ಅರ್ವಿನ್ ಮರುಭೂಮಿಯಲ್ಲಿ ಹಳ್ಳಿಗಳು ಎದ್ದವು. ಮದೀನಾ ವಾಸಲ್, ಮದೀನಾ ಜಬಲ್ ಅಂತ ಹೆಸರು. ಅಮೆರಿಕದಲ್ಲೇ ನೆಲೆಸಿದ್ದ ಇರಾಕಿ ಮೂಲದವರನ್ನು ಕರೆತಂದು ಹಳ್ಳಿಗರಾಗಿ, ಮೇಯರ್ ಆಗಿ, ಪೊಲೀಸರಾಗಿ ಇರಿಸಿದರು. ಅವರು ಅರಬ್ಬಿಯಲ್ಲೇ ಮಾತಾಡುತ್ತಿದ್ದರು. ಕಾಲು ಕಳೆದುಕೊಂಡವರು ಬಾಂಬಿಗೆ ಸಿಕ್ಕ ಗಾಯಾಳುಗಳ ಪಾತ್ರ ಮಾಡಿದರು. ಒಂದು ಊರಲ್ಲಿ ಸೈನಿಕರು ಒರಟಾಗಿ ನಡೆದುಕೊಂಡರೆ ಪಕ್ಕದ ಊರಿನವರೂ ತಿರುಗಿ ಬೀಳುತ್ತಿದ್ದರು.

ನನ್ನ ವಾದ ಇಷ್ಟು. ಜಾಗ, ದುಡ್ಡು, ಕಟ್ಟಡ ಎಲ್ಲ ಆಮೇಲೆ. ತರಬೇತಿ ಕೇಂದ್ರ ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು ಅಂದರೆ ಎರಡು ಬೇಕು. ಗೆಲ್ಲಲು ಪೂರ್ತಿ ಸ್ವಾತಂತ್ರ್ಯ ಇರುವ ನಕಲಿ ಶತ್ರು ಒಂದು, ಸೋಲಿನ ಬಗ್ಗೆ ಮುಚ್ಚುಮರೆ ಇಲ್ಲದ ಮಾತು ಇನ್ನೊಂದು. ಸೇನೆಯಲ್ಲಿ ಇದ್ದವರು, ಇತಿಹಾಸ ಓದಿದವರು ಏನು ಹೇಳುತ್ತೀರಿ?

ಮೊಹಾವಿ_ಕನ್ನಡಿಗ

ನಾನು ಇರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ಗೆ ಹೋಗುವ ದಾರಿಯಲ್ಲಿ ಬಾರ್ಸ್ಟೋ ಅಂತ ಊರು ಬರುತ್ತದೆ, ಅಲ್ಲಿಂದ ಒಳಗೆ ಹೋದರೆ ಫೋರ್ಟ್ ಅರ್ವಿನ್. ನೀವು ಬರೆದದ್ದಕ್ಕೆ ಒಂದು ವಿಷಯ ಸೇರಿಸಬೇಕು. ದೂರದ ಯುದ್ಧ ಅಂದರೆ ಮೊದಲ ಕಷ್ಟ ಗುಂಡು ಹಾರಿಸುವುದಲ್ಲ, ಅಲ್ಲಿಗೆ ಹೋಗಿ ಸೇರುವುದು.

ಟೆಕ್ಸಾಸ್‌ನಿಂದಲೋ ಜಾರ್ಜಿಯಾದಿಂದಲೋ ಬರುವ ಬ್ರಿಗೇಡಿನ ಟ್ಯಾಂಕು, ಟ್ರಕ್ಕು ಎಲ್ಲ ರೈಲಿನಲ್ಲಿ ಬಾರ್ಸ್ಟೋ ಪಕ್ಕದ ಯರ್ಮೋಗೆ ಬರುತ್ತವೆ. ಇಳಿಸಬೇಕು, ಎಣಿಸಬೇಕು, ಕೆಟ್ಟದ್ದನ್ನು ರಿಪೇರಿ ಮಾಡಬೇಕು, ಆಮೇಲೆ ರಸ್ತೆ ಹಿಡಿದು ಒಳಗೆ ಹೋಗಬೇಕು. ಜನ ಬೇರೆ ದಾರಿಯಲ್ಲಿ ಬರುತ್ತಾರೆ. ಕೆಲವು ಗಾಡಿಗಳನ್ನು ಕೇಂದ್ರದ ದಾಸ್ತಾನಿನಿಂದಲೇ ಪಡೆಯುತ್ತಾರೆ, ಹೊರದೇಶದಲ್ಲಿ ಮೊದಲೇ ಇಟ್ಟಿರುವ ಸಾಮಾನು ಪಡೆಯುವ ಹಾಗೆ. ಸುಮಾರು 4,000-5,000 ಜನರ ಬ್ರಿಗೇಡು ಹೀಗೆ ಬಂದು ಒಂದುಗೂಡುವುದನ್ನೇ ಒಂದು ಪರೀಕ್ಷೆ ಅಂತ ನೋಡುತ್ತಾರೆ. ನೀರು ಎಷ್ಟು ಬೇಕು, ಫಿಲ್ಟರ್ ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ, ಡೀಸೆಲ್ ಟ್ಯಾಂಕರ್ ರಾತ್ರಿ ದೀಪ ಇಲ್ಲದೆ ದಾರಿ ಹಿಡಿಯುತ್ತದಾ, ಇದೆಲ್ಲ ಅಲ್ಲೇ ಗೊತ್ತಾಗುವುದು. ಇದರ ಬಗ್ಗೆ ಯಾರೂ ಬರೆಯುವುದಿಲ್ಲ ಅನ್ನುವುದು ನನಗೆ ಬೇಸರ.

ಅಂದ ಹಾಗೆ, ಅಲ್ಲಿ ಮರುಭೂಮಿ ಆಮೆಗಳಿವೆ, ಅಳಿವಿನ ಅಂಚಿನವು. ಜಾಗ ದೊಡ್ಡದು ಮಾಡಲು 2008ರಲ್ಲಿ ನೂರಾರು ಆಮೆಗಳನ್ನು ಬೇರೆ ಕಡೆ ಸಾಗಿಸಿದರು. ತುಂಬಾ ಆಮೆಗಳು ಕಯೋಟೆಗಳ ಬಾಯಿಗೆ ಸಿಕ್ಕವು. ಇಷ್ಟು ದೊಡ್ಡ ಕೇಂದ್ರದ ಬೆಲೆಯನ್ನು ನೆಲವೂ ಕೊಡುತ್ತದೆ, ಅದನ್ನು ಮರೆಯಬಾರದು.

ನಿವೃತ್ತ_ಹವಾಲ್ದಾರ್

ನಾನು ಕಾಲಾಳು ಪಡೆಯಲ್ಲಿದ್ದವನು. ಓದುಗರೇ, ನೀವು ಹೇಳಿದ ಎರಡನೇ ಮಾತು ಸರಿ. ಆದರೆ ನಮ್ಮ ದೇಶದ ಕಥೆ ಹೇಳದಿದ್ದರೆ ಈ ಚರ್ಚೆ ಅರ್ಧ.

1987ರ ಜುಲೈ 29ಕ್ಕೆ ಭಾರತ-ಶ್ರೀಲಂಕಾ ಒಪ್ಪಂದ ಆಯಿತು. ಮಾರನೇ ದಿನವೇ ನಮ್ಮವರು ಅಲ್ಲಿ ಇಳಿಯತೊಡಗಿದರು. ಶಾಂತಿ ಕಾಪಾಡಲು ಅಂತ ಹೋದದ್ದು. ಎರಡೂವರೆ ತಿಂಗಳಲ್ಲಿ ಅದೇ ಪಡೆ ಜಾಫ್ನಾದ ಗಲ್ಲಿಗಳಲ್ಲಿ ತಮಿಳು ಬಂಡುಕೋರರ ಎಲ್‌ಟಿಟಿಇ ಜೊತೆ ಕಾದಾಡುತ್ತಿತ್ತು. ನಮ್ಮ ಕೈಯಲ್ಲಿ ಉದ್ದದ ಎಸ್‌ಎಲ್‌ಆರ್ ಬಂದೂಕು, ಅವರ ಕೈಯಲ್ಲಿ ಎಕೆ-47. ನಮ್ಮ ನಕ್ಷೆಗಳು ಹಳೆಯವು. ಅಕ್ಟೋಬರ್ 11-12ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಲ್ಲಿ ಇಳಿದ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ ತುಕಡಿಯಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ಸತ್ತರು. 1990ರ ಮಾರ್ಚ್‌ನಲ್ಲಿ ವಾಪಸ್ ಬರುವ ಹೊತ್ತಿಗೆ ಸುಮಾರು 1,200 ಮಂದಿಯನ್ನು ಕಳೆದುಕೊಂಡಿದ್ದೆವು. ನನಗೆ ಕಲಿಸಿದ ಉಸ್ತಾದರಲ್ಲಿ ಕೆಲವರು ಅಲ್ಲಿಂದ ಬಂದವರು. ಬಾಗಿಲ ಹಿಡಿ ಮುಟ್ಟುವ ಮೊದಲು ಏನು ನೋಡಬೇಕು, ತೆಂಗಿನ ತೋಟದಲ್ಲಿ ಹೇಗೆ ಸಾಲು ಬಿಡಿಸಿಕೊಂಡು ನಡೆಯಬೇಕು ಅಂತ ಅವರು ಹೇಳುವಾಗ ಧ್ವನಿಯೇ ಬೇರೆ ಇರುತ್ತಿತ್ತು.

ನಮ್ಮಲ್ಲಿ ಇಂಥ ಶಾಲೆ ಇರಲಿಲ್ಲವೇ? ಇತ್ತು. ಮಿಜೋರಾಂನ ವೈರೆಂಗ್ಟೆಯ ಕಾಡು ಯುದ್ಧ ಶಾಲೆ 1970ರಿಂದ ಅಲ್ಲಿದೆ. ಗೆರಿಲ್ಲಾನ ಜೊತೆ ಗೆರಿಲ್ಲಾನಂತೆಯೇ ಕಾದಾಡು ಅನ್ನುವುದು ಅದರ ಘೋಷಣೆ. ಒಂದು ಶಾಲೆ ಇದ್ದರೆ ಸಾಲದು, ಹೋಗುವ ಪ್ರತಿ ಪಲ್ಟನ್ನೂ (ಕೆಲವು ನೂರು ಸೈನಿಕರ ತಂಡ) ಅದರ ಮೂಲಕ ಹಾದು ಹೋಗಬೇಕು. 1987ರಲ್ಲಿ ಅದಕ್ಕೆ ಸಮಯ ಸಿಗಲಿಲ್ಲ.

ಆಮೇಲೆ ಕಾಶ್ಮೀರದಲ್ಲಿ ಇದನ್ನು ಸರಿ ಮಾಡಿದರು. ಕಣಿವೆಗೆ ಹೋಗುವವರಿಗೆ ಖ್ರೂ, ಜಮ್ಮು ಕಡೆಗೆ ಸರೋಲ್, ಎರಡು ಕಡೆ ಕೋರ್ ಬ್ಯಾಟಲ್ ಸ್ಕೂಲ್. ಅಲ್ಲಿ ಪೂರ್ತಿ ಪಲ್ಟನ್ ವಾರಗಟ್ಟಲೆ ಕಲಿತ ಮೇಲೆಯೇ ಡ್ಯೂಟಿ. ನಾನೂ ಮಾಡಿದ್ದೇನೆ. ಕಲಿಸುವವರು ಹೋದ ತಿಂಗಳು ಮೇಲೆ ನಡೆದ ಘಟನೆಯನ್ನು ಈ ತಿಂಗಳು ನಮಗೆ ಆಡಿಸಿ ತೋರಿಸುತ್ತಿದ್ದರು. ಅದೇ ಮುಖ್ಯ. ಪುಸ್ತಕಕ್ಕೆ ಕಾಯುತ್ತಾ ಕೂತಿದ್ದರೆ ಎರಡು ವರ್ಷ ಹೋಗುತ್ತಿತ್ತು.

ಕುಂದಾನಗರಿ

ಹವಾಲ್ದಾರ್ ಸಾಹೇಬರೇ, ನಮಸ್ಕಾರ. ನಾನು ಬೆಳಗಾವಿಯವನು, ಕ್ಯಾಂಪ್ ಹತ್ತಿರವೇ ಬೆಳೆದದ್ದು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ, ಕಮಾಂಡೋ ಶಾಲೆ ಎರಡೂ ಇಲ್ಲೇ. ಇಲ್ಲೇ ಇನ್ನೊಂದು ಇದೆ, ಹೊರದೇಶದ ಸೈನ್ಯಗಳ ಜೊತೆ ಅಭ್ಯಾಸ ಮಾಡುವ ಫಾರಿನ್ ಟ್ರೇನಿಂಗ್ ನೋಡ್. 2008ರ ಡಿಸೆಂಬರ್‌ನಲ್ಲಿ ಚೀನಾದ ಸೈನಿಕರು ಇಲ್ಲಿಗೆ ಬಂದಿದ್ದರು. 2022ರ ಫೆಬ್ರವರಿ-ಮಾರ್ಚ್‌ನಲ್ಲಿ ಜಪಾನಿನವರು ಬಂದರು, ಧರ್ಮ ಗಾರ್ಡಿಯನ್ ಅಭ್ಯಾಸಕ್ಕೆ. ಇಲ್ಲಿನ ಪಶ್ಚಿಮ ಘಟ್ಟದ ಅಂಚು, ಮಳೆ, ಕಲ್ಲುಬಂಡೆ, ಕುರುಚಲು ಕಾಡು ಎಲ್ಲ ಒಂದೇ ಕಡೆ ಸಿಗುತ್ತವೆ.

ಇದು ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ 2ನೇ ಡಿವಿಷನ್ (ಹಲವು ಬ್ರಿಗೇಡುಗಳ ದೊಡ್ಡ ಪಡೆ) ಬೆಳಗಾವಿ ಸುತ್ತಿನ ಕಾಡುಗಳಲ್ಲಿ ಅಭ್ಯಾಸ ಮಾಡಿತ್ತು. 1944ರಲ್ಲಿ ಅಲ್ಲಿಂದ ಅವರನ್ನು ಜಪಾನಿಗಳನ್ನು ತಡೆಯಲು ಅವಸರದಲ್ಲಿ ಕೊಹಿಮಾಗೆ ಕರೆದರು. ಅಜ್ಜಂದಿರ ಕಾಲದಲ್ಲಿ ಇಲ್ಲಿ ಗೋರಾ ಪಲ್ಟನ್ ಇತ್ತು ಅನ್ನುತ್ತಾರಲ್ಲ, ಆ ಮಾತಿಗೆ ಇಷ್ಟು ದೊಡ್ಡ ಹಿನ್ನೆಲೆ ಇದೆ.

ತುಂಗೆಯ_ದಡ

ಕುಂದಾನಗರಿ ಎಳೆ ಹಿಡಿದಿದ್ದಾರೆ. ನಾನು ಅದನ್ನೇ ಮುಂದುವರಿಸುತ್ತೇನೆ, ಯಾಕೆಂದರೆ ತರಬೇತಿ ಬದಲಾಗಿ ಯುದ್ಧದ ಗತಿಯೇ ತಿರುಗಿದ ಉದಾಹರಣೆ ಬೇಕು ಅಂದರೆ ನನಗೆ ಇದಕ್ಕಿಂತ ಒಳ್ಳೆಯದು ಗೊತ್ತಿಲ್ಲ.

1942ರಲ್ಲಿ ಬರ್ಮಾದಿಂದ ಬ್ರಿಟಿಷ್-ಭಾರತೀಯ ಸೈನ್ಯ ಓಡಿ ಬಂತು. ಅಲ್ಲಿಗೆ ಹೋದ ಪಲ್ಟನ್‌ಗಳಲ್ಲಿ ಎಷ್ಟೋ ಮರಳುಗಾಡಿನ ಯುದ್ಧಕ್ಕೆ ತಯಾರಾದವು. ಗಾಡಿ ಇಲ್ಲದೆ ನಡೆಯಲು ಬಾರದು. ಕಾಡು ಅಂದರೆ ಭಯ. ಜಪಾನಿಗಳು ಬದಿಯಿಂದ ಸುತ್ತಿ ಬಂದು ಹಿಂದೆ ರಸ್ತೆ ಕಟ್ಟಿದರೆ ಮುಗಿಯಿತು, ಹಿಂದಕ್ಕೆ ಓಟ. 1942-43ರಲ್ಲಿ ಬರ್ಮಾದ ಪಶ್ಚಿಮ ಕರಾವಳಿಯ ಅರಕಾನ್ ಕಡೆ ಮತ್ತೆ ದಾಳಿ ಮಾಡಿದರು, ಮತ್ತೆ ಸೋತರು.

ಆಗ 1943ರ ಜೂನ್‌ನಲ್ಲಿ ಒಂದು ಸಮಿತಿ ಕೂತಿತು. ಕಾಲಾಳು ಪಡೆ ಯಾಕೆ ಹೀಗಾಯಿತು ಅಂತ ನೇರವಾಗಿ ಕೇಳಿಕೊಂಡಿತು. ಹೊಸಬರಿಗೆ ಅರ್ಧಂಬರ್ಧ ಕಲಿಸಿ ಮುಂದಕ್ಕೆ ತಳ್ಳುತ್ತಿದ್ದೇವೆ ಅನ್ನುವುದು ಬಯಲಾಯಿತು. ಅವರು ಮಾಡಿದ ಕೆಲಸ ನೋಡಿ. ಎರಡು ಪೂರ್ತಿ ಡಿವಿಷನ್‌ಗಳನ್ನು ಯುದ್ಧದಿಂದ ತೆಗೆದು ಬರೀ ಕಲಿಸುವುದಕ್ಕೆ ಇಟ್ಟರು. 14ನೇ ಡಿವಿಷನ್ ಛಿಂದವಾಡಾದಲ್ಲಿ, 39ನೇ ಡಿವಿಷನ್ ಸಹಾರನ್‌ಪುರದಲ್ಲಿ. ಈ 14ನೆಯದು ಅರಕಾನ್‌ನಲ್ಲಿ ಸೋತ ಡಿವಿಷನ್. 39ನೆಯದು ಬರ್ಮಾದಿಂದ ಹಿಂದೆ ಬಂದ ಡಿವಿಷನ್‌ನಿಂದಲೇ ಆದದ್ದು. ಸೋತವರನ್ನೇ ಮೇಷ್ಟ್ರು ಮಾಡಿದರು! ರೆಜಿಮೆಂಟಿನ ಕೇಂದ್ರದಲ್ಲಿ ಮೊದಲ ಪಾಠ ಮುಗಿಸಿದ ಹುಡುಗ ನೇರ ಯುದ್ಧಕ್ಕೆ ಹೋಗುವ ಹಾಗಿಲ್ಲ. ಮೊದಲು ಸುಮಾರು 2 ತಿಂಗಳು ಇವರ ಕೈಕೆಳಗೆ ಕಾಡಿನಲ್ಲಿ ಇರಬೇಕು.

ನಮ್ಮ ಶಿವಮೊಗ್ಗದಲ್ಲೂ ಆಗ ಕಾಡು ಯುದ್ಧದ ಶಾಲೆ ಇತ್ತು. ಮಲೆನಾಡಿನ ಮಳೆ, ಜಿಗಣೆ, ಬಿದಿರು ಮೆಳೆ ಬರ್ಮಾದ ಕಾಡನ್ನೇ ಹೋಲುತ್ತವೆ ಅಲ್ವಾ? ಇಲ್ಲಿ ಕಲಿತು ಹೋದವರು ಕಾಡನ್ನು ಶತ್ರು ಅಂದುಕೊಳ್ಳುವುದನ್ನು ಬಿಟ್ಟರು. ಜಪಾನಿಗಳು ಸುತ್ತಿಕೊಂಡರೂ ಓಡಬೇಡಿ, ನಿಂತಲ್ಲೇ ನಿಲ್ಲಿ, ಊಟ ಮತ್ತು ಗುಂಡು ವಿಮಾನದಿಂದ ಬೀಳುತ್ತದೆ ಅಂತ ಹೇಳಿಕೊಟ್ಟರು. 1944ರಲ್ಲಿ ಅರಕಾನ್‌ನಲ್ಲಿ ಜಪಾನಿಗಳು ಸುತ್ತುವರಿದ ಅಡ್ಮಿನ್ ಬಾಕ್ಸ್ ಎಂಬ ನೆಲೆಯಲ್ಲಿ, ಆಮೇಲೆ ಇಂಫಾಲ, ಕೊಹಿಮಾದಲ್ಲಿ ಇದೇ ಪಾಠ ಉಳಿಸಿತು. ಎರಡು ವರ್ಷದ ಹಿಂದೆ ಓಡಿ ಬಂದ ಅದೇ ಸೈನ್ಯ!

ಪ್ರಶ್ನೆ_ಕೇಳುವವಳು

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ನನಗೆ ಒಂದು ಗಂಭೀರ ಅನುಮಾನ ಇದೆ.

> ಒಂದು ಊರಲ್ಲಿ ಸೈನಿಕರು ಒರಟಾಗಿ ನಡೆದುಕೊಂಡರೆ ಪಕ್ಕದ ಊರಿನವರೂ ತಿರುಗಿ ಬೀಳುತ್ತಿದ್ದರು

ಮರುಭೂಮಿಯಲ್ಲಿ ಕಂಟೇನರ್ ಜೋಡಿಸಿ ಊರು ಮಾಡಿ, ಸಂಬಳಕ್ಕೆ ಬಂದವರನ್ನು ಹಳ್ಳಿಗರು ಮಾಡಿ, ಕೆಲವು ದಿನ ಅಲ್ಲಿ ಓಡಾಡಿದರೆ ಒಂದು ದೇಶದ ಜನ ಅರ್ಥವಾಗುತ್ತಾರಾ? ಇಷ್ಟೆಲ್ಲ ಮಾಡಿದ ಮೇಲೂ ಇರಾಕ್ ಏನಾಯಿತು, ಅಫ್ಘಾನಿಸ್ತಾನದಲ್ಲಿ 2021ರಲ್ಲಿ ಏನಾಯಿತು ಎಲ್ಲರಿಗೂ ಗೊತ್ತು. ಅಲ್ಲಿ ಸತ್ತ ಸಾಮಾನ್ಯ ಜನರ ಲೆಕ್ಕ ಈ ತರಬೇತಿ ಕೇಂದ್ರಗಳ ಯಶಸ್ಸಿನ ಕಥೆಯಲ್ಲಿ ಎಲ್ಲಿ ಬರುತ್ತದೆ? ದೂರದ ಯುದ್ಧಕ್ಕೆ ಸೈನ್ಯವನ್ನು ಸಲೀಸಾಗಿ ತಯಾರು ಮಾಡುವ ವ್ಯವಸ್ಥೆ ಇದ್ದರೆ, ದೂರದ ಯುದ್ಧಕ್ಕೆ ಹೋಗುವುದೂ ಸಲೀಸಾಗುತ್ತದೆ. ನನ್ನ ಆತಂಕ ಅದು.

ಬಯಲುಸೀಮೆ_ಓದುಗ

ನಿಮ್ಮ ಆತಂಕವನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಹೋಗಬಾರದ ಯುದ್ಧವನ್ನು ಯಾವ ತರಬೇತಿಯೂ ಸರಿ ಮಾಡಲ್ಲ. ಯಾಕೆ ಹೋಗುತ್ತಿದ್ದೇವೆ ಅನ್ನುವುದಕ್ಕೆ ರಾಜಧಾನಿಯಲ್ಲಿ ಕೂತವರೇ ಉತ್ತರ ಹೇಳಬೇಕು.

ಆದರೆ ನಕಲಿ ಹಳ್ಳಿಗಳನ್ನು ಸುಮ್ನೆ ನಾಟಕ ಅನ್ನಲಾರೆ. ಇದು ಇರಾಕ್‌ಗಿಂತ ಮೊದಲೇ ಶುರುವಾಗಿತ್ತು. 1995ರಲ್ಲಿ ಬೋಸ್ನಿಯಾಗೆ ಹೋಗುವ ಅಮೆರಿಕನ್ ಪಡೆಗಳಿಗೆ ಜರ್ಮನಿಯ ಹೋಹನ್‌ಫೆಲ್ಸ್‌ನಲ್ಲಿ ಬೇರೆ ಥರದ ಅಭ್ಯಾಸ ಕೊಟ್ಟರು. ಅಲ್ಲಿ ಶತ್ರುವನ್ನು ಕೊಲ್ಲುವುದು ಪರೀಕ್ಷೆ ಅಲ್ಲ. ದಾರಿಗೆ ಅಡ್ಡ ನಿಂತ ಹೆಂಗಸರು, ಮೈಕ್ ಹಿಡಿದ ಪತ್ರಕರ್ತ, ಪರಿಹಾರ ಸಂಸ್ಥೆಯವರು, ಕುಡಿದ ಕಾವಲುಗಾರ, ಇವರ ನಡುವೆ ಬಂದೂಕು ಎತ್ತದೆ ಕೆಲಸ ಮುಗಿಸಬೇಕು. ಇಪ್ಪತ್ತು ವರ್ಷದ ಹುಡುಗ ಮೊದಲ ಸಲ ಅಂಥ ಗುಂಪಿನ ಎದುರು ನಿಲ್ಲುವುದು ನಿಜವಾದ ಊರಲ್ಲಿ ಆಗುವುದಕ್ಕಿಂತ ಅಲ್ಲಿ ಆಗುವುದು ಒಳ್ಳೆಯದಲ್ಲವೇ? ಅಲ್ಲಿ ಕೈ ತಪ್ಪಿದರೆ ಬೀಪ್ ಶಬ್ದ. ನಿಜವಾದ ಊರಲ್ಲಿ ಒಂದು ಮನೆಯವರು ಹೋಗುತ್ತಾರೆ. ನೀವು ಕೇಳಿದ ಸಾಮಾನ್ಯ ಜನರ ಲೆಕ್ಕಕ್ಕೂ ಇದಕ್ಕೂ ನೇರ ಸಂಬಂಧ ಇದೆ.

ನನ್ನ ದೊಡ್ಡ ತಕರಾರು ಬೇರೆ. ಶತ್ರುವಿನ ಕೈ ಕಟ್ಟಿದ ಅಭ್ಯಾಸ. 2002ರ ಮಿಲೆನಿಯಂ ಚಾಲೆಂಜ್ ಕೇಳಿರಬಹುದು. ಕೊಲ್ಲಿ ಪ್ರದೇಶದ ಒಂದು ದೇಶದ ಮೇಲೆ ಯುದ್ಧಕ್ಕೆ ಹೋಗುವ ಬೃಹತ್ ಅಭ್ಯಾಸ, ಖರ್ಚು ಸುಮಾರು 25 ಕೋಟಿ ಡಾಲರ್. ಶತ್ರು ಪಡೆಗೆ ನಿವೃತ್ತ ಮರೀನ್ ಜನರಲ್ ಪಾಲ್ ವ್ಯಾನ್ ರೈಪರ್ ನಾಯಕ. ಅವರು ರೇಡಿಯೊ ಬಿಟ್ಟು ಮೋಟಾರ್‌ಸೈಕಲ್ ಮೇಲೆ ಸಂದೇಶ ಕಳಿಸಿದರು. ಕ್ಷಿಪಣಿ ಮತ್ತು ಸಣ್ಣ ದೋಣಿಗಳಿಂದ ಒಂದೇ ಏಟಿಗೆ ಲೆಕ್ಕದ ಪ್ರಕಾರ 16 ಹಡಗು ಮುಳುಗಿಸಿದರು. ಆಗ ಏನು ಮಾಡಿದರು ಗೊತ್ತಾ? ಹಡಗುಗಳನ್ನು ಮತ್ತೆ ತೇಲಿಸಿ ಆಟ ಮುಂದುವರಿಸಿದರು. ಇಂಥದ್ದು ಮಾಡಬೇಡಿ ಅಂತ ಅವರಿಗೆ ಕಟ್ಟುಪಾಡು ಹಾಕಿದರು. ಅವರು ನಡುವಿನಲ್ಲೇ ಆ ಪಾತ್ರ ಬಿಟ್ಟರು. ಅಷ್ಟು ದುಡ್ಡಿಗೆ ಸಿಕ್ಕ ಅತ್ಯಂತ ಬೆಲೆಬಾಳುವ ಪಾಠವನ್ನು ಅಳಿಸಿ ಹಾಕಿದ್ದು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ.

ಕೊಡಗಿನ_ಕಾಫಿ

ನನ್ನ ತಮ್ಮ ವಿಶ್ವಸಂಸ್ಥೆಯ ಪಡೆಯಲ್ಲಿ ಆಫ್ರಿಕಾಗೆ ಹೋಗಿ ಬಂದಿದ್ದಾನೆ. ಹಾಗಾಗಿ ಇನ್ನೊಂದು ಮುಖ ಹೇಳುತ್ತೇನೆ. ಭಾರತ ದೂರದ ದೇಶಕ್ಕೆ ಸೈನ್ಯ ಕಳಿಸುವುದು ಹೆಚ್ಚಾಗಿ ಈ ದಾರಿಯಲ್ಲಿ. ಇದುವರೆಗೆ 2.9 ಲಕ್ಷಕ್ಕೂ ಹೆಚ್ಚು ಮಂದಿ ಹೋಗಿ ಬಂದಿದ್ದಾರೆ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ 1953ರಲ್ಲಿ ಕೊರಿಯಾಗೆ ಹೋಗಿ ಯುದ್ಧಕೈದಿಗಳನ್ನು ವಾಪಸ್ ಕಳಿಸುವ ಆಯೋಗದ ಅಧ್ಯಕ್ಷರಾಗಿದ್ದರು. ಆಮೇಲೆ ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಗೆ ಮುಖ್ಯಸ್ಥರಾಗಿ ಹೋದವರು 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಆ ಕಾಲದಲ್ಲಿ ಇದಕ್ಕೆ ಅಂತಲೇ ಒಂದು ಶಾಲೆ ಇರಲಿಲ್ಲ.

2000ದಲ್ಲಿ ದೆಹಲಿಯಲ್ಲಿ ಶಾಂತಿಪಾಲನೆಯ ತರಬೇತಿ ಕೇಂದ್ರ ತೆರೆದರು. ಅದೇ ವರ್ಷ ಸಿಯೆರಾ ಲಿಯೋನ್‌ನಲ್ಲಿ ನಮ್ಮ ಗೂರ್ಖಾ ಪಲ್ಟನ್‌ನ ಎರಡು ಕಂಪನಿಗಳನ್ನು ಕೈಲಾಹುನ್ ಅನ್ನುವ ಊರಲ್ಲಿ ಬಂಡುಕೋರರು ಎರಡು ತಿಂಗಳಿಗೂ ಮಿಕ್ಕಿ ಸುತ್ತುವರಿದಿದ್ದರು. ಜುಲೈನಲ್ಲಿ ಆಪರೇಷನ್ ಖುಕ್ರಿ ಮಾಡಿ ಅವರನ್ನು ಹೊರತಂದರು. ಮಾತುಕತೆ ಎಲ್ಲಿ ಮುಗಿಯುತ್ತದೆ, ಬಂದೂಕು ಎಲ್ಲಿ ಶುರುವಾಗುತ್ತದೆ ಅನ್ನುವುದೇ ಅಲ್ಲಿನ ದೊಡ್ಡ ಪ್ರಶ್ನೆ. ತಮ್ಮ ಹೇಳುವ ಪ್ರಕಾರ ಹೋಗುವ ಮೊದಲಿನ ತರಬೇತಿಯಲ್ಲಿ ಗುಂಡು ಹಾರಿಸುವ ಪಾಠಕ್ಕಿಂತ ಯಾವಾಗ ಹಾರಿಸಬಾರದು ಅನ್ನುವ ಪಾಠ ಜಾಸ್ತಿ. ಹೆಂಗಸರು, ಮಕ್ಕಳಿಗೆ ರಕ್ಷಣೆ, ಮಲೇರಿಯಾ, ಅಲ್ಲಿನ ಕುಲಗಳ ನಡುವಿನ ಹಳೆ ಜಗಳ, ಇವೆಲ್ಲ ಇದ್ದವಂತೆ. ಅಲ್ಲಿಂದ ಹಿಂದೆ ಬಂದ ಅಧಿಕಾರಿಗಳು ಬಂದು ಕ್ಲಾಸ್ ತೆಗೆದುಕೊಂಡಾಗ ಮಾತ್ರ ಯಾರಿಗೂ ನಿದ್ದೆ ಬರುತ್ತಿರಲಿಲ್ಲ ಅಂದ.

ನಿವೃತ್ತ_ಹವಾಲ್ದಾರ್

ತಮ್ಮನಿಗೆ ನನ್ನ ಸೆಲ್ಯೂಟ್ ತಿಳಿಸಿ.

ಓದುಗರ ಎರಡನೇ ಅಂಶಕ್ಕೆ ಮತ್ತೆ ಬರುತ್ತೇನೆ, ಸೋಲಿನ ಬಗ್ಗೆ ಮುಚ್ಚುಮರೆ ಇಲ್ಲದ ಮಾತು. ಇದು ಬರೆಯಲು ಸುಲಭ, ಮಾಡಲು ಬಹಳ ಕಷ್ಟ. ಅಭ್ಯಾಸ ಮುಗಿದ ಮೇಲೆ ಎಲ್ಲರನ್ನೂ ಮರದ ಕೆಳಗೆ ಕೂರಿಸುತ್ತಾರೆ. ಸಾಹೇಬರು ಮುಂದೆ, ಜವಾನರು ಹಿಂದೆ. ಏನಾಯಿತು ಅಂತ ಕೇಳುತ್ತಾರೆ. ಹಿಂದೆ ಕೂತ ಲ್ಯಾನ್ಸ್ ನಾಯಕನಿಗೆ ಗೊತ್ತು, ಬಲಗಡೆಯ ತುಕಡಿ ತಡವಾಗಿ ಹೊರಟದ್ದೇ ಕಾರಣ ಅಂತ. ಆದರೆ ಅವನು ಎದ್ದು ಹೇಳುತ್ತಾನಾ? ಅವನ ರಜೆ, ಬಡ್ತಿ ಎಲ್ಲ ಆ ಸಾಹೇಬರ ಕೈಯಲ್ಲಿ. ನಾನು ಕಂಡ ಹಾಗೆ ಒಳ್ಳೆಯ ಕಂಪನಿ ಕಮಾಂಡರ್ ಮೊದಲು ತನ್ನ ತಪ್ಪನ್ನೇ ಹೇಳಿಕೊಳ್ಳುತ್ತಿದ್ದ. ಆಮೇಲೆ ಬಾಯಿಗಳು ತಾವಾಗಿ ತೆರೆಯುತ್ತಿದ್ದವು. ಅಮೆರಿಕನ್ನರು ಇದಕ್ಕೆ ಒಂದು ಉಪಾಯ ಮಾಡಿದ್ದಾರೆ. ಮಾತು ನಡೆಸುವವರು ಆ ಪಲ್ಟನ್‌ನವರಲ್ಲ, ಕೇಂದ್ರದ ವೀಕ್ಷಕರು. ಲೇಸರ್ ದಾಖಲೆ, ರೇಡಿಯೊ ದಾಖಲೆ ಎಲ್ಲ ಮುಂದೆ ಇರುತ್ತದೆ. ಅಲ್ಲಿ ಯಾರೂ ಯಾರ ಮೇಲೂ ಚಾಡಿ ಹೇಳಬೇಕಿಲ್ಲ. ಪರದೆಯೇ ಹೇಳುತ್ತದೆ. ನಮ್ಮ ಕಡೆಯೂ ಇದು ಎಲ್ಲ ಕೇಂದ್ರಗಳಿಗೂ ಬರಬೇಕು ಅನ್ನುವುದು ನನ್ನ ಆಸೆ.

ಮೊಹಾವಿ_ಕನ್ನಡಿಗ

ಈಗಿನ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಹತ್ತು ವರ್ಷ ಹಳ್ಳಿ, ಬಾಂಬು, ಗಸ್ತು ಇದನ್ನೇ ಮಾಡಿದ್ದರಿಂದ ಹೊಸ ತಲೆಮಾರಿನ ಅಧಿಕಾರಿಗಳಿಗೆ ಪೂರ್ತಿ ಬ್ರಿಗೇಡನ್ನು ಒಟ್ಟಿಗೆ ಓಡಿಸುವುದೇ ಮರೆತುಹೋಗಿತ್ತು. ಫಿರಂಗಿ ದಳದವರು ಫಿರಂಗಿ ಬಿಟ್ಟು ಗಸ್ತು ತಿರುಗಿದ್ದರು. ಅಷ್ಟೇ ಯಾಕೆ, ಶತ್ರು ಪಾತ್ರ ಮಾಡುತ್ತಿದ್ದ 11ನೇ ಆರ್ಮರ್ಡ್ ಕ್ಯಾವಲ್ರಿಯನ್ನೇ 2005ರಲ್ಲಿ ಇರಾಕ್‌ಗೆ ಕಳಿಸಿದ್ದರು. ಮೇಷ್ಟ್ರನ್ನೇ ಪರೀಕ್ಷೆಗೆ ಕೂರಿಸಿದ ಹಾಗೆ.

2012ರ ಸುಮಾರಿಗೆ ಮತ್ತೆ ದೊಡ್ಡ ಸೈನ್ಯದ ವಿರುದ್ಧದ ಅಭ್ಯಾಸ ಶುರುವಾಯಿತು. ಉಕ್ರೇನ್ ನೋಡಿದ ಮೇಲೆ ಇನ್ನೂ ಬದಲಾಗಿದೆ. ಈಗ ಶತ್ರು ಪಡೆಯ ಹತ್ತಿರ ಸಣ್ಣ ಡ್ರೋನ್‌ಗಳಿವೆ, ರೇಡಿಯೊ ಅಲೆ ಹಿಡಿಯುವ ಯಂತ್ರಗಳಿವೆ. 2020ರಲ್ಲಿ ಅಲ್ಲಿನ ಒಬ್ಬ ಕರ್ನಲ್ ಒಂದು ಚಿತ್ರ ಹಾಕಿದ್ದರು. ಒಂದು ಬೆಟಾಲಿಯನ್ ಬಲೆ ಹೊದ್ದು ಬೆಟ್ಟದ ಮರೆಯಲ್ಲಿ ಅಡಗಿದ್ದರೂ, 12 ಕಿಲೋಮೀಟರ್ ದೂರದಿಂದ ಅದರ ರೇಡಿಯೊ ಅಲೆಗಳು ನಕ್ಷೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿದ್ದವು. ಇನ್ನೊಂದು ಸಲ ಒಂದು ಅಪಾಚೆ ಹೆಲಿಕಾಪ್ಟರ್ ಶತ್ರು ಪಡೆಯ ರಾಡಾರ್ ತಪ್ಪಿಸಿಕೊಂಡು ಒಳಗೆ ಬಂತು. ಒಂದು ಮೊಬೈಲ್ ಫೋನ್ ಮರುಭೂಮಿಯ ಮೇಲೆ ಗಂಟೆಗೆ 120 ಮೈಲಿ ವೇಗದಲ್ಲಿ ಓಡುತ್ತಿರುವುದು ಕೇಂದ್ರದವರಿಗೆ ಕಂಡಿತು. ಅಲ್ಲಿಗೆ ಹೆಲಿಕಾಪ್ಟರಿನ ದಾರಿ ಪೂರ್ತಿ ಗೊತ್ತಾಯಿತು.

ಇದರಿಂದ ಕಮಾಂಡರ್‌ಗಳ ದೊಡ್ಡ ಡೇರೆಗಳು ಮಾಯವಾಗುತ್ತಿವೆ. ನಾಲ್ಕಾರು ಗಾಡಿಗಳಲ್ಲಿ ಚದುರಿ, ಆಗಾಗ ಜಾಗ ಬದಲಿಸುತ್ತಾ ಇರಬೇಕು. ಎಲ್ಲರಿಗೂ ಮೊಹಾವಿಯೇ ಬೇಕು ಅನ್ನುವುದನ್ನೂ ಬಿಟ್ಟಿದ್ದಾರೆ. ಪೆಸಿಫಿಕ್‌ನ ದ್ವೀಪಗಳಲ್ಲಿ ಕಾದಾಡಬೇಕಾದವರಿಗೆ ಹವಾಯಿಯಲ್ಲಿ, ಚಳಿ ನಾಡಿನವರಿಗೆ ಅಲಾಸ್ಕಾದಲ್ಲಿ ಅಭ್ಯಾಸ ನಡೆಯುತ್ತಿದೆ.

ಹೊಸ_ಸದಸ್ಯ_ಹಾಸನ

ಒಂದು ಪ್ರಶ್ನೆ. 1988ರಲ್ಲಿ ಮಾಲ್ಡೀವ್ಸ್‌ನ ದಂಗೆ ಅಡಗಿಸಲು ನಮ್ಮ ಸೈನ್ಯ ಮಾಡಿದ ಕಾರ್ಯಾಚರಣೆಗೆ ಯಾವ ವಿಶೇಷ ತರಬೇತಿಯೂ ಇರಲಿಲ್ಲ ಅಲ್ವಾ? ಆದರೂ ಗೆದ್ದೆವು. ಹಾಗಾದರೆ ಇಷ್ಟೆಲ್ಲ ಯಾಕೆ?

ನಿವೃತ್ತ_ಹವಾಲ್ದಾರ್

ಒಳ್ಳೆಯ ಪ್ರಶ್ನೆ. ನವೆಂಬರ್ 3ರ ಬೆಳಗ್ಗೆ ಮಾಲ್ಡೀವ್ಸ್‌ನವರು ಸಹಾಯ ಕೇಳಿದರು. ಅದೇ ರಾತ್ರಿ ಆಗ್ರಾದಿಂದ ಹೊರಟ ಐಎಲ್-76 ವಿಮಾನಗಳು 2,000 ಕಿಲೋಮೀಟರಿಗಿಂತ ಹೆಚ್ಚು ಹಾರಿ, ಅಲ್ಲಿನ ವಿಮಾನ ನಿಲ್ದಾಣ ಇರುವ ಹುಲ್ಹುಲೆ ದ್ವೀಪದಲ್ಲಿ ಇಳಿದವು. ಇಳಿದವರು 50ನೇ ಪ್ಯಾರಾಚೂಟ್ ಬ್ರಿಗೇಡಿನ 6ನೇ ಪ್ಯಾರಾ. ಮಾಲ್ಡೀವ್ಸ್‌ಗೆ ಅಂತ ಅವರು ತಯಾರಾಗಿರಲಿಲ್ಲ ನಿಜ. ಆದರೆ ಕೆಲವೇ ಗಂಟೆಯಲ್ಲಿ ಸಾಮಾನು ಕಟ್ಟಿ ವಿಮಾನ ಹತ್ತುವುದನ್ನು, ಕತ್ತಲಲ್ಲಿ ಇಳಿದು ರನ್‌ವೇ ಹಿಡಿಯುವುದನ್ನು ಅವರು ವರ್ಷಪೂರ್ತಿ ಮಾಡುತ್ತಿದ್ದರು. ನಮ್ಮ ರಾಯಭಾರಿ ಅದೃಷ್ಟಕ್ಕೆ ದೆಹಲಿಯಲ್ಲೇ ಇದ್ದರು, ವಿಮಾನದಲ್ಲೇ ಜೊತೆಗೆ ಹೋದರು. ಊರಿನ ವಿವರ ಬಾಯಲ್ಲೇ ಸಿಕ್ಕಿತು. ಬಂಡುಕೋರರೂ ಹೆಚ್ಚು ಹೊತ್ತು ನಿಲ್ಲಲಿಲ್ಲ, ಹಡಗು ಹತ್ತಿ ಓಡಿದರು, ನಮ್ಮ ನೌಕಾಪಡೆ ಹಿಡಿಯಿತು. ಒಂದು ವರ್ಷದ ಹಿಂದೆ ಜಾಫ್ನಾದಲ್ಲಿ ಎದುರಿದ್ದ ಶತ್ರು ಇಲ್ಲಿ ಇದ್ದಿದ್ದರೆ ಕಥೆಯೇ ಬೇರೆ ಇರುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದು.

ಸೇರುವ ಮನಸ್ಸಿದ್ದರೆ ಹೇಳು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲೇ ಇದೆ.

ಪ್ರಶ್ನೆ_ಕೇಳುವವಳು

ಓದುಗರ ಉತ್ತರ ಓದಿದೆ. ಗುಂಪಿನ ಎದುರು ನಿಲ್ಲುವ ಅಭ್ಯಾಸದಿಂದ ಕೆಲವು ಜೀವ ಉಳಿದಿರಬಹುದು, ಅದನ್ನು ಒಪ್ಪುತ್ತೇನೆ. ಆದರೂ ಒಂದು ಕೊರತೆ ಯಾರೂ ಎತ್ತಲಿಲ್ಲ. ಮಾತು. ಜಾಫ್ನಾದಲ್ಲಿ ತಮಿಳು ಬಲ್ಲ ಸೈನಿಕ ಪ್ರತಿ ಗಸ್ತಿನಲ್ಲೂ ಇದ್ದಿದ್ದರೆ? ಮದರಾಸ್ ರೆಜಿಮೆಂಟಿನವರನ್ನು ಬಿಟ್ಟರೆ ಎಷ್ಟು ಜನರಿಗೆ ಅಲ್ಲಿನ ಅಜ್ಜಿಯ ಜೊತೆ ಎರಡು ಮಾತಾಡಲು ಬರುತ್ತಿತ್ತು? ಎರಡು ವಾರದ ಅಭ್ಯಾಸದಲ್ಲಿ ಭಾಷೆ ಬರುವುದಿಲ್ಲ. ಅದಕ್ಕೆ ವರ್ಷಗಳು ಬೇಕು. ಎಲ್ಲಿಗೆ ಹೋಗುತ್ತೇವೆ ಅಂತ ಗೊತ್ತಾಗುವ ಮೊದಲೇ ಶುರು ಮಾಡಬೇಕು.

ಬಯಲುಸೀಮೆ_ಓದುಗ

ನೂರಕ್ಕೆ ನೂರು ಸರಿ. ಮದೀನಾ ವಾಸಲ್‌ನಲ್ಲಿ ಸೈನಿಕರು ಕಲಿತದ್ದು ಅರಬ್ಬಿ ಅಲ್ಲ, ದುಭಾಷಿಯನ್ನು ಇಟ್ಟುಕೊಂಡು ಮಾತಾಡುವ ರೀತಿ. ದುಭಾಷಿಯ ಮುಖ ನೋಡಬೇಡ, ಊರ ಹಿರಿಯನ ಮುಖ ನೋಡಿ ಮಾತಾಡು, ಒಂದೊಂದೇ ವಾಕ್ಯ ಹೇಳು, ಚಹಾ ಕೊಟ್ಟರೆ ಕುಡಿ, ಇಂಥವು. ಸಣ್ಣವು ಅನ್ನಿಸಬಹುದು, ಆದರೆ ಚೆಕ್‌ಪೋಸ್ಟಿನಲ್ಲಿ ಇವೇ ಕೆಲಸಕ್ಕೆ ಬರುತ್ತವೆ. ಪೂರ್ತಿ ಭಾಷೆ ಕಲಿಸಲು ಅವರಿಗೆ ಮಾಂಟೆರೆಯಲ್ಲಿ ಬೇರೆಯೇ ಸಂಸ್ಥೆ ಇದೆ, ಅರಬ್ಬಿಗೆ ಅಲ್ಲಿ ಒಂದು ವರ್ಷಕ್ಕೂ ಮೇಲೆ ಹಿಡಿಯುತ್ತದೆ. ನಮಗೆ ಇಲ್ಲಿ ಒಂದು ಅನುಕೂಲ ಇದೆ. ಒಂದೇ ಪಲ್ಟನ್‌ನಲ್ಲಿ ನಾಲ್ಕು ಭಾಷೆಯ ಹುಡುಗರು ಇರುತ್ತಾರೆ, ಇನ್ನೊಂದು ಭಾಷೆ ಕಿವಿಗೆ ಬೀಳುವುದು ಅವರಿಗೆ ಹೊಸದಲ್ಲ.

ಹವಾಲ್ದಾರ್ ಸಾಹೇಬರೇ, ಬ್ಯಾಟಲ್ ಸ್ಕೂಲಿನಲ್ಲಿ ಕಾಶ್ಮೀರಿ ಮಾತು ಎಷ್ಟು ಕಲಿಸುತ್ತಿದ್ದರು?

ನಿವೃತ್ತ_ಹವಾಲ್ದಾರ್

ನಮಸ್ಕಾರ, ನಿಲ್ಲಿ, ಕೈ ತೋರಿಸಿ, ಮಕ್ಕಳು ಹೇಗಿದ್ದಾರೆ, ನೀರು ಸಿಗುತ್ತಾ, ಇಷ್ಟು. ಮಿಕ್ಕದ್ದನ್ನು ನಾನು ಪೋಸ್ಟಿನ ಪಕ್ಕದ ಅಂಗಡಿಯವರಿಂದ ಕಲಿತೆ. ಶಾಲೆಯಲ್ಲೇ ಇನ್ನೂ ಜಾಸ್ತಿ ಕಲಿಸಬೇಕಿತ್ತು. ಈ ಅಕ್ಕ ಹೇಳುವುದನ್ನು ನಾನು ಒಪ್ಪುತ್ತೇನೆ.